ಕ್ಲಚ್ ಆಯಿಲ್‌ನ ಲೆಕ್ಕ

ಕಾರಿನ ಖರ್ಚು ಬರೆದಿಡುವವರ ಪುಸ್ತಕದಲ್ಲಿ ಪೆಟ್ರೋಲ್, ಇನ್ಶೂರೆನ್ಸ್, ಟೈರು, ಎಂಜಿನ್ ಆಯಿಲ್ ಎಲ್ಲ ಇರುತ್ತವೆ. ಹೈಡ್ರಾಲಿಕ್ ಕ್ಲಚ್ಚಿನ ಆಯಿಲ್ ಮಾತ್ರ ಇರುವುದಿಲ್ಲ. ಇಷ್ಟು ಕಡಿಮೆ ದುಡ್ಡಿನಲ್ಲಿ ಇಷ್ಟು ದೊಡ್ಡ ಖರ್ಚು ತಪ್ಪಿಸುವ ಕೆಲಸ ಕಾರಿನಲ್ಲಿ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ. ಗ್ಯಾರೇಜಿನಲ್ಲಿ ಆಯಿಲ್ ಎಂದು ಕರೆದರೂ ಇದು ಎಣ್ಣೆಯಲ್ಲ. ಬಹುತೇಕ ಕಾರುಗಳಲ್ಲಿ ಇದು ಬ್ರೇಕಿಗೆ ಹಾಕುವ ಗ್ಲೈಕಾಲ್ ದ್ರವವೇ. ಎಷ್ಟೋ ಕಾರುಗಳಲ್ಲಿ ಎರಡಕ್ಕೂ ಒಂದೇ ಡಬ್ಬಿ. ಗಾಳಿಯ ತೇವ ಹೀರುವುದು ಅದರ ಹುಟ್ಟುಗುಣ. ಹೊಸ ಡಾಟ್ 4 ದರ್ಜೆಯ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು, ಶೇ 3.7ರಷ್ಟು ನೀರು ಸೇರಿದಾಗ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ.

ಕ್ಲಚ್ಚು ಬ್ರೇಕಿನಷ್ಟು ಕಾಯುವುದಿಲ್ಲ, ಕುದಿಯುವ ಮಾತೇಕೆ ಎಂದು ಕೇಳುವವರಿದ್ದಾರೆ. ಕೇಳುವುದು ಸರಿಯೇ. ಆದರೆ ಇಲ್ಲಿ ಪೆಟ್ಟು ಬೀಳುವುದು ಕುದಿಯುವುದರಿಂದಲ್ಲ, ತುಕ್ಕಿನಿಂದ. ಕ್ಲಚ್ಚಿನ ಪೈಪು ಒಂದು ತುದಿ ಮುಚ್ಚಿದ ಓಣಿ. ಪೆಡಲ್ ತುಳಿದಾಗ ದ್ರವ ಹಿಂದೆ ಮುಂದೆ ಸರಿಯುತ್ತದೆಯೇ ಹೊರತು ಸುತ್ತಿ ಬರುವುದಿಲ್ಲ. ಹೀಗಾಗಿ ಆ ಮುಚ್ಚಿದ ತುದಿಯಲ್ಲಿ, ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರಿನ ಕಡೆ, ಸೇರಿದ ನೀರು, ರಬ್ಬರಿನ ಪುಡಿ ಅಲ್ಲಿಯೇ ಉಳಿಯುತ್ತವೆ. ಒಳಗೋಡೆ ತುಕ್ಕು ಹಿಡಿದು ಒರಟಾದರೆ ಸೀಲು ಸವೆಯುತ್ತದೆ. ಪೆಡಲ್ ಮೆತ್ತಗಾಗುತ್ತದೆ, ರಿವರ್ಸ್ ಹಾಕುವಾಗ ಗೇರು ಕರಕರ ಎನ್ನುತ್ತದೆ. ಈಗಿನ ಎಷ್ಟೋ ಕಾರುಗಳಲ್ಲಿ ಈ ಸಿಲಿಂಡರು ಗೇರ್‌ಬಾಕ್ಸಿನ ಬೆಲ್ ಹೌಸಿಂಗ್ ಒಳಗೇ ಕೂತಿರುತ್ತದೆ. ಅಂಗೈಯಗಲದ ಆ ಭಾಗ ಬದಲಿಸಲು ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಸೋರಿದ ದ್ರವ ಕ್ಲಚ್ ಪ್ಲೇಟಿಗೆ ಹತ್ತಿದ್ದರೆ ಅದೂ ಹೋಯಿತು. ಕೆಲವು ನೂರು ರೂಪಾಯಿಯಲ್ಲಿ ಮುಗಿಯುವುದು ಸಾವಿರಗಳಿಗೆ ಏರುವುದು ಹೀಗೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದು ಯಾಕೆ?

ಹಾಗೆಂದು ದುಬಾರಿಯದ್ದನ್ನೇ ಕೊಳ್ಳಿ ಎನ್ನುತ್ತಿಲ್ಲ. ಕಾರಿನಲ್ಲಿರುವ ದ್ರವದ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ. ಅದನ್ನೇ ಕೊಂಡರೆ ಸಾಕು. ಡಾಟ್ 4 ಕೇಳುವ ಕಾರಿಗೆ 5.1 ಹಾಕಿದರೆ ಕ್ಲಚ್ಚಿಗೆ ಹೆಚ್ಚೇನೂ ಸಿಗುವುದಿಲ್ಲ. ಡಾಟ್ 5 ಮಾತ್ರ ಬೇರೆಯೇ ಜಾತಿ: ಅದು ಸಿಲಿಕೋನ್, ಉಳಿದವುಗಳ ಜೊತೆ ಬೆರೆಸಬಾರದು. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ತಪ್ಪಿ ಬಿದ್ದರೂ ಈ ಸೀಲುಗಳು ಉಬ್ಬಿ ಹಾಳಾಗುತ್ತವೆ. ಲೀಟರ್ ಡಬ್ಬಿ ಅಗ್ಗ ಅನ್ನಿಸಬಹುದು, ಆದರೆ ಸೀಲ್ ಒಡೆದ ಮೇಲೆ ಉಳಿದದ್ದು ಕಪಾಟಿನಲ್ಲೇ ತೇವ ಹೀರುತ್ತದೆ. ಬೇಕಾದಷ್ಟೇ ಇರುವ ಚಿಕ್ಕ ಡಬ್ಬಿಯೇ ನಿಜವಾದ ಉಳಿತಾಯ. ಮಂಗಳೂರು, ಕಾರವಾರದ ಮಳೆಗಾಲದಲ್ಲಂತೂ ಇದು ಇನ್ನೂ ನಿಜ.

ಮೇಲಿನ ಡಬ್ಬಿಯಿಂದ ಸಿರಿಂಜಿನಲ್ಲಿ ಎಳೆದು ಹೊಸದು ತುಂಬಿದರೆ ಸಾಲದೇ? ಸಾಲದು, ಕೊಳೆ ಇರುವುದು ಕೆಳಗೆ. ಸ್ಲೇವ್ ಸಿಲಿಂಡರಿನ ನಿಪ್ಪಲ್ಲಿಗೆ ಪೈಪು ಸಿಕ್ಕಿಸಿ ತೆರೆದಾಗ ಮೊದಲು ಬರುವುದು ಕಾಫಿ ಡಿಕಾಕ್ಷನ್ನಿನಂಥ ಕಪ್ಪು ದ್ರವ. ಅದು ತಿಳಿ ಜೇನಿನ ಬಣ್ಣಕ್ಕೆ ತಿರುಗುವವರೆಗೆ ಬಿಡಬೇಕು. ಬ್ರೇಕ್ ಆಯಿಲ್ ಬದಲಿಸುವಾಗ ನಾಲ್ಕು ಚಕ್ರ ಮುಗಿಸಿ ಕ್ಲಚ್ಚನ್ನು ಬಿಟ್ಟುಬಿಡುವುದು ಸಾಮಾನ್ಯ. ಕೇಬಲ್ ಕ್ಲಚ್ಚಿನ ಕಾರುಗಳಿಗೆ ಈ ಖರ್ಚೇ ಇಲ್ಲ, ಮೊದಲು ಮ್ಯಾನ್ಯುಯಲ್ ನೋಡಿ. ಹೈಡ್ರಾಲಿಕ್ ಆಗಿದ್ದರೆ, ಅದರಲ್ಲಿ ಬೇರೆ ಅವಧಿ ಹೇಳಿರದಿದ್ದರೆ, ಎರಡು ವರ್ಷಕ್ಕೊಮ್ಮೆ ಬ್ರೇಕಿನ ಜೊತೆಗೇ ಕ್ಲಚ್ಚಿನದನ್ನೂ ಬದಲಿಸಲು ಮೆಕ್ಯಾನಿಕ್‌ಗೆ ಬಾಯಿ ಬಿಟ್ಟು ಹೇಳಿ.