ಮೈಸೂರು–ತುರ್ಕಿ ರಾಜತಾಂತ್ರಿಕ ಸಂಬಂಧ

ಕೊಯಮತ್ತೂರು ಸೀಮೆ ಟಿಪ್ಪು ಸುಲ್ತಾನನ ಮೈಸೂರು ರಾಜ್ಯಕ್ಕೆ ಸೇರಿತ್ತು. ಬ್ರಿಟಿಷರನ್ನು ಎದುರಿಸಲು ಹೊರದೇಶಗಳ ಬೆಂಬಲ ಅರಸಿದ ಟಿಪ್ಪು, 1786ರಲ್ಲಿ ಗುಲಾಮ್ ಅಲಿ ಖಾನನ ನೇತೃತ್ವದ ರಾಯಭಾರವನ್ನು ಉತ್ತರ ಕನ್ನಡದ ತದಡಿ ಬಂದರಿನಿಂದ ಹಡಗಿನಲ್ಲಿ ಒಟ್ಟೋಮನ್ ತುರ್ಕಿಗೆ ಕಳುಹಿಸಿದ. ಬಸ್ರಾ ಮಾರ್ಗವಾಗಿ ಅದು 1787ರಲ್ಲಿ ಇಸ್ತಾಂಬುಲ್ ತಲುಪಿತು. ಬಸ್ರಾದಲ್ಲಿ ವ್ಯಾಪಾರ ಸೌಲಭ್ಯ, ಸೈನಿಕ ನೆರವು, ಕುಶಲಕರ್ಮಿಗಳು ಹಾಗೂ ತನ್ನ ಅರಸುತನಕ್ಕೆ ಮನ್ನಣೆ ಟಿಪ್ಪುವಿನ ಬೇಡಿಕೆಗಳು. ಆಗಷ್ಟೇ ರಷ್ಯಾದೊಡನೆ ಯುದ್ಧಕ್ಕಿಳಿದಿದ್ದ ಒಟ್ಟೋಮನ್ ಸುಲ್ತಾನ ಒಂದನೇ ಅಬ್ದುಲ್ ಹಮೀದ್ ಮನ್ನಣೆಯನ್ನಷ್ಟೇ ನೀಡಿದ; ಸೈನಿಕ ನೆರವು ಸಿಗಲಿಲ್ಲ. ದಾರಿಯಲ್ಲಿ ರೋಗ, ನೌಕಾಘಾತಗಳಿಗೆ ನೂರಾರು ಜನ ಬಲಿಯಾದರು. ದುಬಾರಿ ಸಾಹಸವೇ ಸರಿ. ಈ ಪ್ರಯಾಣದ ದಿನಚರಿಯನ್ನು ಖ್ವಾಜಾ ಅಬ್ದುಲ್ ಖಾದಿರ್ ಪರ್ಷಿಯನ್‌ನಲ್ಲಿ ಬರೆದಿದ್ದಾನೆ. 1798ರಲ್ಲಿ ಒಟ್ಟೋಮನ್ ಸುಲ್ತಾನ ಮೂರನೇ ಸಲೀಂ, ಫ್ರೆಂಚರ ಸಖ್ಯ ಬಿಡುವಂತೆ ಟಿಪ್ಪುವಿಗೆ ಪತ್ರ ಬರೆದ. 1799ರ ಮೇ 4ರಂದು ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣ ಪತನವಾಗಿ, ಕೊಯಮತ್ತೂರು ಬ್ರಿಟಿಷರ ವಶವಾಯಿತು.