ಕಂಪನಿ ಎಲ್ಲಿ ಅನ್ನುವುದಕ್ಕಿಂತ ಗಿರಾಕಿ ಎಲ್ಲಿ ಎಂದು ನೋಡಿ

ಪ್ರಶ್ನೆ: ನಾನು ಪುತ್ತೂರು ತಾಲೂಕಿನವಳು. ಗಂಡನ ಜತೆ ಸೇರಿ ಅಡಿಕೆ ಹಾಳೆಯ ತಟ್ಟೆ ಮಾಡುತ್ತೇನೆ. ನಮ್ಮ ಮಾಲು ಅಮೆರಿಕಕ್ಕೆ ಹೋಗುತ್ತಿತ್ತು. 2025ರಲ್ಲಿ ವ್ಯಾಪಾರಿ ಆರ್ಡರ್ ನಿಲ್ಲಿಸಿದರು. ಜರ್ಮನಿಯಲ್ಲಿ ಕೆಲಸದಲ್ಲಿರುವ ತಮ್ಮ, "ಅಲ್ಲಿ ಲೈಸೆನ್ಸು, ಲಂಚ ಅಂತ ಒದ್ದಾಡಬೇಡಿ. ಇಲ್ಲಿ ಬಂದು ಕಂಪನಿ ಮಾಡಿ, ಇಲ್ಲಿನವರಿಗೆ ಪರಿಸರ ಅಂದರೆ ಪ್ರಾಣ" ಅನ್ನುತ್ತಾನೆ. ಎಸ್ಟೋನಿಯಾದಲ್ಲಾದರೆ ಮನೆಯಲ್ಲೇ ಕೂತು ಕಂಪನಿ ತೆರೆಯಬಹುದಂತೆ. ಅರ್ಧ ಎಕರೆ ತೋಟ ಮಾರಿ ಹೊರಡೋಣ ಅಂತ ಗಂಡ. ಮಾವ ಸುತರಾಂ ಒಪ್ಪುತ್ತಿಲ್ಲ. ಪರಿಸರಸ್ನೇಹಿ ಉದ್ಯಮಕ್ಕೆ ಯಾವ ದೇಶ ಒಳ್ಳೆಯದು?
– ಹೆಸರು ಬೇಡ, ಪುತ್ತೂರು

ಉತ್ತರ: ತಂಗೀ, ತೋಟ ಮಾರಬೇಡಿ. ಕಾರಣ ಹೇಳುತ್ತೇನೆ.

ಯಾವ ದೇಶ ಒಳ್ಳೆಯದು ಎಂದು ಹೇಳುವ ಪಟ್ಟಿಗಳನ್ನು ನಂಬಿ ಹೊರಡುವ ಹಾಗಿಲ್ಲ. ವ್ಯಾಪಾರ ಮಾಡಲು ಎಲ್ಲಿ ಸಲೀಸು ಎಂದು ವಿಶ್ವಬ್ಯಾಂಕ್ ಹೊರಡಿಸಿದ 2020ರ ಪಟ್ಟಿಯಲ್ಲಿ ನ್ಯೂಜಿಲೆಂಡ್ ಮೊದಲು, ಸಿಂಗಪುರ ಎರಡನೆಯದು, ಭಾರತ 63. ಭಾರತದ ಅಂಕ ಬಂದದ್ದು ಮುಂಬಯಿ, ದಿಲ್ಲಿ ಎರಡೇ ನಗರಗಳ ಲೆಕ್ಕದಿಂದ. ಕೆಲವು ದೇಶಗಳ ಅಂಕಿ ಅಂಶದಲ್ಲಿ ಕೈಯಾಡಿಸಿದ್ದು ಬಯಲಾದ ಮೇಲೆ 2021ರಲ್ಲಿ ಬ್ಯಾಂಕೇ ಆ ಪಟ್ಟಿಯನ್ನು ಕೈಬಿಟ್ಟಿತು.

ಈಗ ತಮ್ಮನ ಮಾತಿಗೆ ಬರೋಣ. ಅವರು ಹೇಳುವುದರಲ್ಲಿ ಅರ್ಧ ನಿಜ. ಐರೋಪ್ಯ ಒಕ್ಕೂಟ 2021ರ ಜುಲೈ 3ರಿಂದ ಪ್ಲಾಸ್ಟಿಕ್ ತಟ್ಟೆ, ಚಮಚ ನಿಷೇಧಿಸಿತು. ನಿಮ್ಮಂಥವರಿಗೆ ಬಾಗಿಲು ತೆರೆದದ್ದು ಆಗಲೇ. ಆದರೆ ಅಲ್ಲಿನ ಕಾನೂನು ಅಷ್ಟಕ್ಕೇ ನಿಲ್ಲಲಿಲ್ಲ. 2023ರ ಜನವರಿಯಿಂದ ಫ್ರಾನ್ಸಿನಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಆಸನ ಇರುವ ಹೋಟೆಲುಗಳು ಒಳಗೆ ಕೂತು ಉಣ್ಣುವವರಿಗೆ ತೊಳೆದು ಬಳಸುವ ತಟ್ಟೆಯಲ್ಲೇ ಬಡಿಸಬೇಕು. ಜರ್ಮನಿಯ ಟ್ಯೂಬಿಂಗನ್ ನಗರ 2022ರಿಂದ ಪಾರ್ಸೆಲ್ ಊಟದ ಎಸೆಯುವ ತಟ್ಟೆ, ಲೋಟಕ್ಕೆ ತಲಾ 50 ಸೆಂಟ್ ತೆರಿಗೆ ಹಾಕಿದೆ. ಯಾವುದರಿಂದ ಮಾಡಿದ್ದು ಎಂದು ಕೇಳುವುದಿಲ್ಲ. ಆ ತೆರಿಗೆ ಸರಿಯೆಂದು ಅಲ್ಲಿನ ಸಂವಿಧಾನ ನ್ಯಾಯಾಲಯವೂ 2025ರ ಜನವರಿಯಲ್ಲಿ ಹೇಳಿತು. ಪರಿಸರದ ಕಾಳಜಿ ಹೆಚ್ಚಾದಷ್ಟೂ ಒಮ್ಮೆ ಬಳಸಿ ಬಿಸಾಡುವ ವಸ್ತುವಿನ ಮೇಲೆ, ಅದು ಮಣ್ಣಲ್ಲಿ ಕರಗುವುದೇ ಆದರೂ, ಕಣ್ಣು ಬೀಳುತ್ತದೆ. ಹಾಗಾಗಿ ಆ ಕಾಳಜಿಯನ್ನೇ ನಂಬಿ ಮನೆ ಕಿತ್ತುಕೊಂಡು ಹೋಗಬೇಡಿ.

ಲೈಸೆನ್ಸಿನ ಕಾಟ ಅಲ್ಲಿಯೂ ಇದೆ, ಬಗೆ ಬೇರೆ. ಜರ್ಮನಿಯಲ್ಲಿ ಜಿಎಂಬಿಎಚ್ ಎಂಬ ಖಾಸಗಿ ಕಂಪನಿಗೆ 25,000 ಯೂರೋ ಮೂಲ ಬಂಡವಾಳ ಬೇಕು, ನೋಟರಿಯ ಮುಂದೆ ಸಹಿಯೂ ಆಗಬೇಕು. ಒಂದು ಯೂರೋದಿಂದ ಶುರುಮಾಡುವ ಸಣ್ಣ ರೂಪವಿದೆ, ಆದರೆ ಅಂಥ ಕಂಪನಿಗೆ ಬ್ಯಾಂಕಿನವರು ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ. ಮಾಲು ಪ್ಯಾಕ್ ಮಾಡಿ ಮಾರುವವರು ಲೂಸಿಡ್ ಎಂಬ ರಿಜಿಸ್ಟರಿನಲ್ಲಿ ಹೆಸರು ಬರೆಸಿ, ಆ ಪ್ಯಾಕಿಂಗ್ ಕಸವಾದಾಗ ವಿಲೇವಾರಿ ಮಾಡುವ ಖರ್ಚನ್ನೂ ಕಟ್ಟಬೇಕು. ಎಸ್ಟೋನಿಯಾದ್ದು ಇನ್ನೊಂದು ಕಥೆ. 2014ರಿಂದ ಅವರು ಹೊರದೇಶದವರಿಗೂ ಇ-ರೆಸಿಡೆನ್ಸಿ ಎಂಬ ಡಿಜಿಟಲ್ ಗುರುತುಚೀಟಿ ಕೊಡುತ್ತಿದ್ದಾರೆ. ಕಂಪನಿ ಆನ್‌ಲೈನಿನಲ್ಲೇ ನೋಂದಣಿಯಾಗುತ್ತದೆ, ಲಾಭವನ್ನು ಹಂಚದೆ ಕಂಪನಿಯಲ್ಲೇ ಇಟ್ಟರೆ ತೆರಿಗೆಯಿಲ್ಲ. ಸಾಫ್ಟ್‌ವೇರ್ ಮಾರುವವರಿಗೆ ಇದು ಚೆನ್ನ. ಆದರೆ ಅದು ವೀಸಾ ಅಲ್ಲ, ಹಾಳೆ ಒತ್ತುವ ಯಂತ್ರವೂ ಅಲ್ಲಿಗೆ ಹೋಗುವುದಿಲ್ಲ. ಅಡಿಕೆ ಮರ ಇರುವುದು ನಿಮ್ಮ ತೋಟದಲ್ಲಿ.

ಅಮೆರಿಕದ ವಿಷಯ ನೇರವಾಗಿ ಹೇಳುತ್ತೇನೆ. ಹಾಳೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡ್ ಆಹಾರಕ್ಕೆ ಇಳಿಯಬಹುದು ಎಂದು ಹೇಳಿ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಹಾಳೆ ತಟ್ಟೆಗಳನ್ನು ತಡೆಯಿತು. ಇದಕ್ಕೂ ನಿಮ್ಮ ಕಂಪನಿಯ ವಿಳಾಸಕ್ಕೂ ಸಂಬಂಧವಿಲ್ಲ. ಬರ್ಲಿನ್ನಿನಿಂದ ಕಳಿಸಿದರೂ ತಟ್ಟೆ ಅದೇ. "ನಮ್ಮಜ್ಜ ಹಾಳೆಯಲ್ಲೇ ಉಂಡಿದ್ದರು" ಎಂಬ ವಾದ ಬಂದರಿನ ಅಧಿಕಾರಿಯ ಮುಂದೆ ನಡೆಯದು, ಲ್ಯಾಬಿನ ವರದಿ ಬೇಕು.

ಆದ್ದರಿಂದ ಖರ್ಚು ಮಾಡುವುದಿದ್ದರೆ ಮೊದಲ ಖರ್ಚು ಪರೀಕ್ಷೆಗೆ. ಬಿಸಿ, ಹುಳಿ, ಎಣ್ಣೆ ಪದಾರ್ಥ ಹಾಕಿದಾಗ ತಟ್ಟೆಯಿಂದ ಏನು ಎಷ್ಟು ಇಳಿಯುತ್ತದೆ ಎಂದು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ನೋಡಿಸಿ. ತಾಮ್ರವನ್ನೂ ನೋಡಿಸಿ; ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ತೇವಾಂಶದ ಲೆಕ್ಕ ಬರೆದಿಡಿ. ಮಳೆಗಾಲದಲ್ಲಿ ಅರೆ ಒಣಗಿದ ತಟ್ಟೆ ಕಂಟೇನರಿನಲ್ಲಿ ವಾರಗಟ್ಟಲೆ ಕೂತರೆ ಬೂಸ್ಟು ಹಿಡಿಯುತ್ತದೆ. ಅಷ್ಟಾದರೆ ಇಡೀ ಲೋಡು ವಾಪಸ್.

ವರದಿ ಸರಿಬಂದರೆ ತಮ್ಮನನ್ನೇ ನಿಮ್ಮ ಆಮದುದಾರನನ್ನಾಗಿ ಮಾಡಿ, ಅವರ ವೀಸಾ ಸ್ವಂತ ವ್ಯಾಪಾರಕ್ಕೆ ಅವಕಾಶ ಕೊಡುತ್ತದೆಯೇ ಎಂದು ವಿಚಾರಿಸಿಕೊಂಡು. ನೀವಿಲ್ಲಿ ರಫ್ತು ಕೋಡ್ ಇಟ್ಟುಕೊಂಡರೆ ಸಾಕು. ಒಂದೇ ದೇಶಕ್ಕೆ, ಒಬ್ಬನೇ ವ್ಯಾಪಾರಿಗೆ ಜೋತುಬಿದ್ದದ್ದೇ ಈ ಸಲದ ಪೆಟ್ಟಿಗೆ ಮೂಲ.

ಊರಿನ ಗಿರಾಕಿಯನ್ನೂ ಮರೆಯಬೇಡಿ. 2022ರ ಜುಲೈ 1ರಿಂದ ಭಾರತದಲ್ಲೂ ಪ್ಲಾಸ್ಟಿಕ್ ತಟ್ಟೆ, ಲೋಟ ನಿಷಿದ್ಧ. ಮದುವೆ ಮಂಟಪ, ಬೆಂಗಳೂರಿನ ಕೇಟರಿಂಗಿನವರು ಎಲ್ಲರಿಗೂ ತಟ್ಟೆ ಬೇಕು. ದರ ಕಡಿಮೆ, ಉದ್ರಿ ಜಾಸ್ತಿ ಎಂಬ ನಿಮ್ಮ ಸಂಕಟ ಗೊತ್ತು. ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಸಣ್ಣ ಉತ್ಪಾದಕರಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಕೊಡದಿದ್ದರೆ ದೂರು ಸಲ್ಲಿಸಲು ಸರ್ಕಾರದ ಪೋರ್ಟಲ್ ಇದೆ.

ಪರೀಕ್ಷಾ ವರದಿ ಕೈಗೆ ಬಂದು, ಜರ್ಮನಿಯ ಒಬ್ಬ ಗಿರಾಕಿಯಾದರೂ ಮುಂಗಡ ಕೊಟ್ಟು ಎರಡನೇ ಸಲ ಆರ್ಡರ್ ಮಾಡುವವರೆಗೆ ಯಾರೂ ವಿಮಾನ ಹತ್ತುವುದು ಬೇಡ. ಈ ಮಾತನ್ನು ಗಂಡನಿಗೂ ಓದಿ ಹೇಳಿ. ಈ ವಿಷಯದಲ್ಲಿ ನಿಮ್ಮ ಮಾವನ ಮಾತೇ ಸರಿ.