ಹೋದವಳ ಹೆಸರಿನಲ್ಲಿ

ಸಾಕಿದ ನಾಯಿ ಸತ್ತಾಗ ಕಣ್ಣೀರಿಟ್ಟರೆ, 'ನಾಯಿಗೆ ಇಷ್ಟೊಂದಾ?' ಎನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಆತಕೂರಿನ ಶಾಸನದ ಕಥೆ ಹೇಳಿ. 949ರ ತಕ್ಕೋಲದ ಕಾಳಗದಲ್ಲಿ ಚೋಳರ ವಿರುದ್ಧ ಶೌರ್ಯ ಮೆರೆದ ಮಣಲೇರ ಎಂಬ ವೀರನಿಗೆ ಅವನ ದೊರೆ 'ಬೇಕಾದ್ದು ಕೇಳು' ಎಂದರೆ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಕಾಳಿ ಕಾಡುಹಂದಿಯೊಂದಿಗೆ ಕಾದಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿಯೂ ಬಿಟ್ಟರು. ಮಂಡ್ಯ ಜಿಲ್ಲೆಯ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಕರೆದೊಯ್ದು ತೋರಿಸಿ.

ನಾವು ಕಲ್ಲು ನಿಲ್ಲಿಸಬೇಕಿಲ್ಲ ಬಿಡಿ. ಆದರೆ ಮನೆಯ ನಾಯಿ ಸತ್ತಾಗ ಮಕ್ಕಳಿಗೆ 'ಅವಳು ಊರಿಗೆ ಹೋಗಿದ್ದಾಳೆ' ಎಂದು ಸುಳ್ಳು ಹೇಳಬೇಡಿ. ಅವರಿಗೆ ಹೇಗೂ ಗೊತ್ತಾಗುತ್ತದೆ. ದುಃಖ ಮರೆಯಲೆಂದು ಮರುವಾರವೇ ಇನ್ನೊಂದು ಮರಿ ತರುವ ಆತುರವೂ ಬೇಡ. ದಿನಾ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಿ ನಿಮ್ಮನ್ನು ಬೀದಿ ಸುತ್ತಿಸುತ್ತಿದ್ದಳಲ್ಲ, ಆ ನಡಿಗೆಯನ್ನು ಮಾತ್ರ ನಿಲ್ಲಿಸಬೇಡಿ. ಆ ಹೊತ್ತಿನಲ್ಲಿ ಮಾತಿಗೆ ಸಿಗುತ್ತಿದ್ದ ಅಕ್ಕಪಕ್ಕದವರು ಅವಳು ಮಾಡಿಕೊಟ್ಟ ಪರಿಚಯವೇ.

ಉಳಿದ ಬಟ್ಟಲು, ಹಗ್ಗ, ಕಂಬಳಿಗಳನ್ನು ಬೀದಿನಾಯಿ ನೋಡಿಕೊಳ್ಳುವವರಿಗೆ ಕೊಡಿ. ಸಾಧ್ಯವಾದರೆ ಅವಳ ಹೆಸರಿನಲ್ಲಿ ನಿಮ್ಮ ಬೀದಿಯ ಒಂದು ನಾಯಿಗೆ ಈ ವರ್ಷ ರೇಬಿಸ್ ಲಸಿಕೆ ಹಾಕಿಸಿ.